ಪೂಜೆ ತಪ್ಪಿಸಿಕೊಂಡ ಆಂಟೆನಾ

ಅಧ್ಯಾಪಕರಾದ ನಾವು ಮಾಡಿದ ತಪ್ಪಿನ ಫಲವನ್ನು ಉಂಡವರು ನಮ್ಮ ವಿದ್ಯಾರ್ಥಿಗಳು. ನಮಗೆ ಸಂಬಳ ಬಂತು, ಬಡ್ತಿ ಬಂತು, ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಗಳೂ ಬಂದವು. ಅವರಿಗೆ ಬಂದದ್ದು ಒಂದು ಭಯ: ಉಪಕರಣ ತೋರಿಸಿದ್ದನ್ನು ತೋರಿಸಿದಂತೆಯೇ ಬರೆದರೆ ಅಂಕ ಹೋಗುತ್ತದೆ ಎಂಬ ಭಯ. ಆ ಭಯಕ್ಕೆ ಮಣಿಯದೆ, ಕಂಡದ್ದನ್ನು ಕಂಡಂತೆ ಬರೆದ ಚೈತ್ರ ಎಂಬ ಹುಡುಗಿ ಸಂಶೋಧನೆಯ ಬಾಗಿಲ ಹೊರಗೆ ಇವತ್ತಿಗೂ ನಿಂತೇ ಇದ್ದಾಳೆ.

ಜೆ.ಪಿ. ನಗರದ ಅಂಚಿನಲ್ಲಿರುವ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳಿದೆ; ಕಪ್ಪು ಕೂದಲಿನೊಂದಿಗೆ ಸೇರಿ ಬಿಳಿ ಕೂದಲಿನೊಂದಿಗೆ ಹೊರಬಂದೆ. ಇದೇ ವೃತ್ತಿಗೆ ಈಗ ಕಾಲಿಡುತ್ತಿರುವ ತರುಣ ತರುಣಿಯರಿಗಾಗಿ ಈ ಬರಹ. ಬಡ್ತಿಗಳ ವಿಷಯ ಇದರಲ್ಲಿಲ್ಲ. ಜೀವಂತವಾಗಿದ್ದು ಹಾಜರಿ ಹಾಕುತ್ತಿದ್ದರೆ ಅವು ತಾವಾಗಿಯೇ ಬರುತ್ತವೆ. ತಾನಾಗಿ ಬಾರದ ವಸ್ತುವೊಂದು ನಮ್ಮ ವೃತ್ತಿಯಲ್ಲಿದೆ, ಅದರ ಹೆಸರು ಔಟ್‌ಪುಟ್.

ನಮ್ಮ ಪ್ರಯೋಗಾಲಯಗಳ ಭಾಷೆಯಲ್ಲಿ ಔಟ್‌ಪುಟ್ ಎಂಬುದು ಒಬ್ಬ ಅತಿಥಿ. ಕಾವೇರಿ ನೀರು ಬಂತಾ, ಸಿಲಿಂಡರ್ ಬಂತಾ ಎಂದು ಬೀದಿಯಲ್ಲಿ ಕೇಳುವ ಹಾಗೆಯೇ ನಾವು ಪ್ರಯೋಗಾಲಯದಲ್ಲಿ 'ಔಟ್‌ಪುಟ್ ಬಂತಾ?' ಎಂದು ಕೇಳುತ್ತೇವೆ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಈ ಮಾತು ದಿನವಿಡೀ ಹಾರಾಡುತ್ತಿತ್ತು.

"ಬಂತಾ ಗುರು?"

"ಇನ್ನೂ ಇಲ್ಲ ಮಗಾ. ವೈರ್ ಅಲ್ಲಾಡಿಸ್ದೆ, ಒಂದ್ಸಲ ಬಂದು ಹೋಯ್ತು."

"ಬಂದಾಗ್ಲೇ ಫೋಟೋ ಹೊಡ್ಕೋಬೇಕಿತ್ತು ಕಣೋ!"

'ಏನು ಬಂತು?' ಎಂದು ಕೇಳಿದ ಪರೀಕ್ಷಕರನ್ನು ನಾನು ಕಂಡದ್ದು ಬಹಳ ಅಪರೂಪ. 'ಬಂತಾ' ಎಂಬುದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ. 'ಏನು ಬಂತು' ಎಂಬುದಕ್ಕೆ ಉತ್ತರ ಹೇಳಬೇಕಾದರೆ ಕಣ್ಣು ತೆರೆದು ನೋಡಿರಬೇಕು. ಪರೀಕ್ಷೆ ಪಾಸು ಮಾಡುವುದಕ್ಕೂ ಸಂಶೋಧನೆ ಮಾಡುವುದಕ್ಕೂ ಇರುವ ದೂರವೆಲ್ಲ ಈ ಎರಡು ಪ್ರಶ್ನೆಗಳ ನಡುವೆ ಇದೆ. ಆ ದೂರವನ್ನು ಮಕ್ಕಳು ದಾಟದಂತೆ ನಾವು ಕಟ್ಟಿದ ಬೇಲಿಯ ಹೆಸರು 'ನೇಚರ್ ಆಫ್ ಗ್ರಾಫ್'.

ಅದನ್ನು ನೋಡದವರಿಗಾಗಿ ಹೇಳುತ್ತೇನೆ. ಪ್ರತಿಯೊಂದು ಪ್ರಯೋಗಕ್ಕೂ ವಿಭಾಗದವರು ಅಚ್ಚು ಹಾಕಿಸಿದ ಕೈಪಿಡಿ ಇರುತ್ತದೆ. ಅದರಲ್ಲಿ ಪ್ರಯೋಗದ ವಿವರಣೆ ಮುಗಿದ ಕೂಡಲೇ, ಕೊನೆಗೆ ಬರಬೇಕಾದ ಗ್ರಾಫ್ ಹೇಗಿರುತ್ತದೆ ಎಂಬ ಚಿತ್ರವನ್ನು ಮೊದಲೇ ಬರೆದಿಟ್ಟಿರುತ್ತಾರೆ. ಅದರ ಶೀರ್ಷಿಕೆಯೇ ನೇಚರ್ ಆಫ್ ಗ್ರಾಫ್. ಉತ್ತರವನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನು ಹುಡುಕುವ ಈ ಪದ್ಧತಿಯನ್ನು ನಾವು ಪ್ರಾಯೋಗಿಕ ಶಿಕ್ಷಣ ಎಂದು ಕರೆದೆವು. ಜಾಣ ಹುಡುಗರು ಮೊದಲು ಆ ವಕ್ರರೇಖೆಯನ್ನು ನಕಲು ಮಾಡುತ್ತಿದ್ದರು, ಆಮೇಲೆ ಅದರ ಮೇಲೆ ಚುಕ್ಕಿ ಇಡುತ್ತಿದ್ದರು, ಕೊನೆಗೆ ಚುಕ್ಕಿಗಳಿಂದ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದರು. ಉಪಕರಣದ ಸ್ವಿಚ್ಚನ್ನು ಹಾಕುತ್ತಿದ್ದದ್ದು ಗೌರವಾರ್ಥವಾಗಿ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಾಯೋಗಿಕ ಪರೀಕ್ಷೆಯ ನಡುವೆ ಕರೆಂಟು ಹೋಯಿತು. ಆಗ ಬೆಂಗಳೂರಿನಲ್ಲಿ ಕರೆಂಟು ಹೋದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅಂದೂ ಯಾರೂ ನೋಡಲಿಲ್ಲ. ಕಿಟಕಿಯ ಬೆಳಕಿನಲ್ಲಿ ಇಡೀ ತಂಡ ಶ್ರದ್ಧೆಯಿಂದ ಅಳತೆಯ ಅಂಕಿಗಳನ್ನು ಬರೆಯುತ್ತಲೇ ಇತ್ತು. ಸತ್ತ ಉಪಕರಣಗಳಿಂದ ಅಷ್ಟು ಸುಂದರವಾದ ಗ್ರಾಫ್‌ಗಳು ಹುಟ್ಟಿದ್ದನ್ನು ಕಂಡು ನಾನು ದಿಗ್ಭ್ರಮೆಗೊಂಡು ವಿಭಾಗದ ಮುಖ್ಯಸ್ಥರಾದ ನಾಗಭೂಷಣ ಅವರ ಬಳಿಗೆ ಓಡಿದೆ.

ಅವರು ಕೆಟ್ಟ ಮನುಷ್ಯರಲ್ಲ. ವಿದ್ಯಾರ್ಥಿಗಳ ಹೆಸರು, ಅವರ ಅಪ್ಪಂದಿರ ಹೆಸರು, ಅವರು ಹತ್ತುವ ಬಸ್ಸು ಎಲ್ಲ ಅವರಿಗೆ ಗೊತ್ತು. ಯಾರಿಗಾದರೂ ಜ್ವರ ಬಂದರೆ ಮನೆಯಿಂದ ಗಂಜಿ ತರಿಸಿಕೊಟ್ಟವರು. ಆದರೆ ಅಚ್ಚಾದದ್ದರ ಮೇಲೆ ಅವರಿಗಿದ್ದ ಭಕ್ತಿ ಅಳತೆ ಮಾಡಿದ್ದರ ಮೇಲೆ ಇರಲಿಲ್ಲ.

"ಕರೆಂಟ್ ಹೋಗಿತ್ತಾ?" ಎಂದರು.

"ಹೋಗಿತ್ತು ಸರ್. ಆದ್ರೂ ಎಲ್ಲರಿಗೂ ರೀಡಿಂಗ್ ಬಂದಿದೆ."

"ಒಳ್ಳೇದಾಯ್ತಲ್ಲ ಮೇಡಂ! ಮತ್ತೆ ಪರೀಕ್ಷೆ ಇಡೋ ತಲೆನೋವು ತಪ್ತು."

ಆ ದಿನದಿಂದ ನಾನು ಪತ್ರ ಬರೆಯಲು ಶುರು ಮಾಡಿದೆ. ನೇಚರ್ ಆಫ್ ಗ್ರಾಫ್ ತೆಗೆಯಬೇಕೆಂದು ಮುಖ್ಯಸ್ಥರಿಗೆ, ಪ್ರಾಂಶುಪಾಲರಿಗೆ, ಪಠ್ಯಕ್ರಮ ಸಮಿತಿಗೆ ಬರೆದೆ. ವಿಭಾಗದ ಸಭೆಯಲ್ಲಿ ನಾನು ಎದ್ದು ನಿಂತರೆ ಸಹೋದ್ಯೋಗಿಗಳು ಸದ್ದಿಲ್ಲದೆ ಊಟದ ಡಬ್ಬಿ ಬಿಚ್ಚುತ್ತಿದ್ದರು. ನನ್ನ ಮಾತು ಮುಗಿಯುವ ಹೊತ್ತಿಗೆ ಊಟವೂ ಮುಗಿಯುತ್ತದೆ ಎಂಬುದು ಅವರ ಅನುಭವ. ಅವರ ಲೆಕ್ಕಾಚಾರ ತಪ್ಪಿದ್ದನ್ನು ನಾನು ನೋಡಿಲ್ಲ.

ಪದ್ಧತಿಗಳು ಬದಲಾದವು. ನಾನು ಸೇರಿದಾಗ ಮಕ್ಕಳು ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು ತೂತುಗಳ ಹಲಗೆಗೆ ಚುಚ್ಚುತ್ತಿದ್ದರು. ತಪ್ಪಾದರೆ ಸುಟ್ಟ ವಾಸನೆ ಬಂದು ತಪ್ಪನ್ನು ಇಡೀ ಮಹಡಿಗೆ ಸಾರುತ್ತಿತ್ತು. ಆಮೇಲೆ ಕಂಪ್ಯೂಟರಿನಲ್ಲೇ ಸರ್ಕ್ಯೂಟು ಬರೆದು ನಡೆಸಿ ನೋಡುವ ಸಿಮ್ಯುಲೇಷನ್ ಬಂತು. ಅದರಲ್ಲಿ ಏನೂ ಸುಡುವುದಿಲ್ಲ, ಯಾವ ವೈರೂ ಸಡಿಲವಾಗುವುದಿಲ್ಲ, ಔಟ್‌ಪುಟ್ ಕರೆದಾಗಲೆಲ್ಲ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತದೆ. "ಸಿಮ್ಯುಲೇಷನ್ನಲ್ಲಿ ಬಂದಿದೆ ಮೇಡಂ, ಹಾರ್ಡ್‌ವೇರ್ ಯಾಕೆ?" ಎಂದು ಮಕ್ಕಳು ಕೇಳತೊಡಗಿದರು. ಈಗಂತೂ ಕೇಳಿದ ಕೂಡಲೇ ಗ್ರಾಫನ್ನೂ ಅದರ ವಿವರಣೆಯನ್ನೂ ಬರೆದುಕೊಡುವ ಯಂತ್ರ ಎಲ್ಲರ ಜೇಬಿನಲ್ಲಿದೆ. ಅದನ್ನು ಬೈಯುವ ಹಿರಿಯರನ್ನು ಕಂಡರೆ ನನಗೆ ನಗು ಬರುತ್ತದೆ. ನೋಡದೆಯೇ ಬರೆಯುವುದನ್ನು ಮಕ್ಕಳಿಗೆ ಅದು ಬರುವ ಮುಂಚೆ ಕಲಿಸಿದವರು ನಾವೇ ಅಲ್ಲವೆ?

ಪತ್ರಗಳಿಂದ ಪ್ರಯೋಜನವಾಗದಿದ್ದಾಗ ನಾನು ಶನಿವಾರ ಮಧ್ಯಾಹ್ನ ಒಂದು ಸಭೆ ಆರಂಭಿಸಿದೆ. ಅಲ್ಲಿಗೆ ಪ್ರವೇಶ ಔಟ್‌ಪುಟ್ ಬಾರದವರಿಗೆ ಮಾತ್ರ. ಮಕ್ಕಳು ಅದಕ್ಕೆ 'ಬರ್ಲಿಲ್ಲ ಕ್ಲಬ್' ಎಂದು ಹೆಸರಿಟ್ಟರು. ನಿಯಮ ಒಂದೇ: 'ಬರ್ಲಿಲ್ಲ' ಎಂದು ಹೇಳಿ ಸುಮ್ಮನಾಗುವಂತಿಲ್ಲ, ಅದರ ಬದಲು ಏನು ಬಂತು ಎಂದು ಹೇಳಬೇಕು. ಆಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ನೋಡಬೇಕು.

ಒಂದು ಶನಿವಾರ ಮೂವರು ಹುಡುಗರು ನಾಡಿ ಎಣಿಸುವ ಉಪಕರಣವೊಂದನ್ನು ತಂದರು. ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರೆ ಅದು ಬೆಳಕಿನಿಂದ ರಕ್ತದ ಬಡಿತವನ್ನು ಎಣಿಸಬೇಕು. ಎಲ್ಲರ ಬೆರಳಿಗೂ ಒಂದೇ ಬಡಿತ ತೋರಿಸುತ್ತಿತ್ತು. ಓಡಿ ಬಂದವನಿಗೂ ಅದೇ, ತೂಕಡಿಸುತ್ತಿದ್ದವನಿಗೂ ಅದೇ.

"ಬೆರಳು ತೆಗೆದು ನೋಡಿದಿರಾ?" ಎಂದೆ. ನೋಡಿರಲಿಲ್ಲ. ಕ್ಲಿಪ್ಪನ್ನು ಬಿಚ್ಚಿ ಮೇಜಿನ ಅಂಚಿಗೆ ಸಿಕ್ಕಿಸಿದರು. ಬಡಿತ ಹಾಗೆಯೇ ಇತ್ತು.

"ಮೇಡಂ, ಮೇಜಿಗೂ ಹಾರ್ಟ್ ಇದೆ!" ಎಂದ ಒಬ್ಬ.

"ನಮ್ ಎಕ್ಸಾಮಿನರ್‌ಗೆ ಹಾಕಿ ನೋಡಣ, ಅವ್ರಿಗೂ ಇದ್ರೆ ಗೊತ್ತಾಗುತ್ತೆ," ಎಂದ ಇನ್ನೊಬ್ಬ.

ಮೇಲಿನ ಟ್ಯೂಬ್‌ಲೈಟನ್ನು ಆರಿಸಿದೆವು. ಮೇಜು ತೀರಿಕೊಂಡಿತು. ಬೆಳಕಿನ ಮಿಣುಕನ್ನೇ ಅದು ಇಷ್ಟು ದಿನ ನಾಡಿ ಎಂದು ಎಣಿಸಿತ್ತು. ಆ ಮೂವರ ಮುಖದಲ್ಲಿ ಅಂದು ಕಂಡ ಹಿಗ್ಗು ಮುಂದೆ ಅವರ ಘಟಿಕೋತ್ಸವದಲ್ಲೂ ನನಗೆ ಕಾಣಲಿಲ್ಲ.

ಚೈತ್ರ ಈ ಕ್ಲಬ್ಬಿನ ಸದಸ್ಯೆ. ಜರಗನಹಳ್ಳಿಯವಳು. ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಬಿಟ್ಟ ಕುಟುಂಬ. ಯಾವ ಬಾಡಿಗೆದಾರ ಟ್ಯಾಂಕಿನ ನೀರು ಖಾಲಿ ಮಾಡಿದ ಎಂಬ ವಿಚಾರಣೆಯನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದದ್ದರಿಂದಲೋ ಏನೋ, ಯಾವುದನ್ನೂ ಎರಡು ಕಡೆಯಿಂದ ನೋಡದೆ ಒಪ್ಪುತ್ತಿರಲಿಲ್ಲ. ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಅವಳ ಜೊತೆಗಾರ ಬೆಂಗಳೂರಿನದೇ ಶ್ರೀನಗರದ ನವೀನ್, ಬಾಯಿ ಮುಚ್ಚಿಕೊಂಡು ಕೆಲಸ ಮಾಡಲು ಬಾರದ ಹುಡುಗ. ಇಬ್ಬರೂ ಸೇರಿ ಒಂದು ಆಂಟೆನಾ ಮಾಡಿದರು. ಆಂಟೆನಾ ಎಂದರೆ ಮನೆಯ ಮಾಳಿಗೆಯ ಮೇಲಿನ ಕೋಲನ್ನು ನೆನೆಯಬೇಡಿ. ಬೆಂಕಿಪೊಟ್ಟಣದಷ್ಟು ಹಲಗೆ, ಅದರ ಮೇಲೆ ತಾಮ್ರದ ತೆಳು ತುಂಡು. ಪ್ರತಿಯೊಂದು ಆಂಟೆನಾವೂ ತನಗೆ ಒಗ್ಗುವ ಒಂದು ಆವರ್ತನದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗ್ರಾಫಿನಲ್ಲಿ ಆ ಜಾಗದಲ್ಲಿ ಒಂದು ಗುಂಡಿ ಕಾಣುತ್ತದೆ. ಗುಂಡಿ ಎಂದರೇನೆಂದು ಬೆಂಗಳೂರಿನವರಿಗೆ ನಾನು ವಿವರಿಸಬೇಕಿಲ್ಲ.

ಒಂದೇ ಹಲಗೆಯಿಂದ ಇಬ್ಬರೂ ಎರಡು ಆಂಟೆನಾ ಕತ್ತರಿಸಿದ್ದರು. ಎರಡರ ಗುಂಡಿಯೂ ಸಿಮ್ಯುಲೇಷನ್ ಹೇಳಿದ ಜಾಗದಲ್ಲೇ ಬಿತ್ತು. ಒಂದನ್ನು ಮೇಜಿನ ಮೇಲೆ ಉಪಕರಣಕ್ಕೆ ಜೋಡಿಸಿಟ್ಟರು. ಇನ್ನೊಂದನ್ನು ಡ್ರಾಯರಿನಲ್ಲಿಟ್ಟು ಮರೆತರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ವಿಭಾಗದಲ್ಲಿ ಅದು ದೊಡ್ಡ ಸಂಭ್ರಮ. ಉಪಕರಣಗಳಿಗೆಲ್ಲ ಸೇವಂತಿಗೆ, ಬಾಗಿಲಿಗೆ ಮಾವಿನೆಲೆ, ಹೊಸ್ತಿಲಿನ ಹೊರಗೆ ಕುಂಕುಮ ತುಂಬಿ ಒಡೆಯಲು ಬೂದುಗುಂಬಳಕಾಯಿ. ನಾಗಭೂಷಣ ಅವರು ಪಂಚೆ ಉಟ್ಟು ಬಂದು ಪ್ರತಿ ಮೇಜಿನ ಮುಂದೆ ನಿಂತು ಉಂಗುರ ಬೆರಳಿನಿಂದ ಬೊಟ್ಟಿಟ್ಟರು. ಚೈತ್ರಳ ಆಂಟೆನಾಕ್ಕೆ, ಚಿಕ್ಕದೆಂಬ ಪ್ರೀತಿಯಿಂದಲೋ ಏನೋ, ಅರಿಶಿನ ಕುಂಕುಮ ಎರಡನ್ನೂ ಧಾರಾಳವಾಗಿ ಹಚ್ಚಿ, "ಔಟ್‌ಪುಟ್ ಚೆನ್ನಾಗಿ ಬರ್ಲಮ್ಮ," ಎಂದು ಹರಸಿದರು.

ರಜೆ ಮುಗಿಸಿ ಬಂದು ನೋಡಿದರೆ ಗುಂಡಿ ಜಾಗ ಬಿಟ್ಟು ಕೆಳಕ್ಕೆ, ಅಂದರೆ ಕಡಿಮೆ ಆವರ್ತನದ ಕಡೆಗೆ, ಸರಿದಿತ್ತು. ಮುಂಜಾನೆ ಹೆಚ್ಚು ಸರಿಯುತ್ತಿತ್ತು, ಮಧ್ಯಾಹ್ನ ಬಿಸಿಲೇರಿದಾಗ ಸ್ವಲ್ಪ ಹಿಂದಕ್ಕೆ ಬರುತ್ತಿತ್ತು, ಮಳೆ ಬಂದ ದಿನ ಎಲ್ಲಿಗೋ ಹೋಗುತ್ತಿತ್ತು.

"ರೋಡಲ್ಲಿರೋ ಗುಂಡಿ ವರ್ಷಾನುಗಟ್ಲೆ ಇದ್ದಲ್ಲೇ ಇರುತ್ತೆ ಮೇಡಂ," ಎಂದು ನವೀನ್ ಕ್ಲಬ್ಬಿನಲ್ಲಿ ಗೋಳಾಡಿದ. "ನಮ್ ಗುಂಡಿಗೆ ಮಾತ್ರ ವಾಕಿಂಗ್ ಚಟ."

ಕೇಬಲ್ ಬದಲಿಸಿದರು. ತುದಿಯ ಬೆಸುಗೆ ಮತ್ತೆ ಹಾಕಿದರು. ಉಪಕರಣವನ್ನೇ ಬೇರೆ ತಂದು ನೋಡಿದರು. ಗುಂಡಿ ಓಡಾಡುತ್ತಲೇ ಇತ್ತು. ನಮ್ಮ ಯಾರ ಕಣ್ಣಿಗೂ, ಮಾರ್ಗದರ್ಶಕಿಯಾದ ನನ್ನ ಕಣ್ಣಿಗೂ, ಎದುರಿಗೇ ಕೆಂಪಗೆ ಹೊಳೆಯುತ್ತಿದ್ದ ಕಾರಣ ಕಾಣಲಿಲ್ಲ. ನಮ್ಮ ಪ್ರಯೋಗಾಲಯದ ಎಲ್ಲ ಉಪಕರಣಗಳ ಹಣೆಯ ಮೇಲೂ ಕುಂಕುಮ ಇರುತ್ತದೆ. ಅದು ಉಪಕರಣದ ಭಾಗವೇ ಆಗಿಹೋಗಿ ಯಾರೂ ಅದನ್ನು ಬೇರೊಂದು ವಸ್ತುವೆಂದು ಎಣಿಸುವುದಿಲ್ಲ.

ಮುಂದಿನ ಶನಿವಾರ ಚೈತ್ರ ಡ್ರಾಯರಿನಿಂದ ಎರಡನೆಯ ಆಂಟೆನಾ ತೆಗೆದು ಜೋಡಿಸಿದಳು. ಅದರ ಗುಂಡಿ ಇದ್ದಲ್ಲೇ ಗಟ್ಟಿಯಾಗಿ ಕೂತಿತ್ತು. ಎರಡನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

"ಮೇಡಂ, ಇದಕ್ಕೆ ಪೂಜೆ ಆಗಿಲ್ಲ."

"ಅದಕ್ಕೇ ನೆಟ್ಟಗಿದೆ!" ಎಂದು ನವೀನ್ ಕೂಗಿದ. "ಒರೆಸ್ಬಿಡು ಮಗಾ ಅದನ್ನ, ಕತೆ ಮುಗೀತು."

"ಪೂಜೆ ಮಾಡಿದ್ದನ್ನ ಒರೆಸ್ತಾರೇನೋ? ನಮ್ಮಜ್ಜಿಗೆ ಗೊತ್ತಾದ್ರೆ ನನ್ನೇ ಒರೆಸಿ ಹಾಕ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ಅದೂ ಅಲ್ದೆ ಮೇಡಂ, ಒರೆಸಿದ್ರೆ ಯಾಕೆ ಸರೀತು ಅಂತ ಗೊತ್ತಾಗಲ್ಲ. ಒರೆಸೋದು ಬೇಡ. ಇದಕ್ಕೂ ಹಚ್ಚೋಣ."

ಆ ಮಾತನ್ನು ಕೇಳಿದ ಕ್ಷಣಕ್ಕಾಗಿಯೇ ನಾನು ಆ ವೃತ್ತಿಯಲ್ಲಿದ್ದೆ ಎಂದು ಈಗ ಅನ್ನಿಸುತ್ತದೆ. ತೊಂದರೆಯನ್ನು ಅಳಿಸಿಹಾಕುವ ಬದಲು ಅದನ್ನು ಬೇಕೆಂದೇ ಇನ್ನೊಮ್ಮೆ ಉಂಟುಮಾಡಿ ನೋಡುವವಳು ಸಂಶೋಧಕಿ.

ಎರಡನೆಯದಕ್ಕೆ ಬೊಟ್ಟಿಟ್ಟರು. ಅದರ ಗುಂಡಿಯೂ ನಡೆಯತೊಡಗಿತು. ಅರಿಶಿನವನ್ನೇ ಬೇರೆ, ಕುಂಕುಮವನ್ನೇ ಬೇರೆ, ಒಣಗಿದ್ದು ಬೇರೆ, ಒದ್ದೆಯದು ಬೇರೆ ಎಂದು ಹೊಸ ತುಂಡುಗಳನ್ನು ಕತ್ತರಿಸಿ ಹಚ್ಚಿದರು. ಪುಡಿ ಗಾಳಿಯ ತೇವವನ್ನು ಹೀರಿದಷ್ಟೂ ಗುಂಡಿ ಕೆಳಕ್ಕೆ ಸರಿಯುತ್ತದೆ, ಒಣಗಿದಂತೆ ಹಿಂದಿರುಗುತ್ತದೆ ಎಂಬುದು ಸ್ಪಷ್ಟವಾಯಿತು. ಪುಟ್ಟೇನಹಳ್ಳಿ ಕೆರೆಯ ದಂಡೆಯ ಮುಂಜಾನೆಯ ಮಂಜಿನಲ್ಲಿ ಒಂದನ್ನು ಹಿಡಿದು ನಿಂತು ನೋಡಿದರು. ವಾಕಿಂಗಿಗೆ ಬಂದ ಅಂಕಲ್ ಒಬ್ಬರು "ಏನಮ್ಮಾ, ಸರ್ಕ್ಯೂಟ್‌ಗೆ ಮಡಿಲು ತುಂಬ್ತಾ ಇದ್ದೀರಾ?" ಎಂದು ಕೇಳಿದರಂತೆ. ನಾಗಭೂಷಣರ ಆಶೀರ್ವಾದ ನಿಜಕ್ಕೂ ಫಲಿಸಿತ್ತು. ಅವರು ಹಚ್ಚಿದ ಬೊಟ್ಟು ಆಂಟೆನಾವನ್ನು ತೇವಮಾಪಕ ಮಾಡಿತ್ತು.

ಆಗ ಒಂದು ಸಂಶೋಧನಾ ಸಂಸ್ಥೆಯಿಂದ ಪತ್ರ ಬಂದಿತ್ತು: ಕಾಲೇಜು ಶಿಫಾರಸು ಮಾಡುವ ಒಬ್ಬ ವಿದ್ಯಾರ್ಥಿಗೆ ಅಲ್ಲಿ ತರಬೇತಿಗೆ ಜಾಗವಿದೆ. ಚೈತ್ರ ಬಯಸಿದ್ದು ಅದೊಂದನ್ನೇ. ಆದರೆ ನಮ್ಮ ವಿಭಾಗ ಶಿಫಾರಸು ಮಾಡುವುದು 'ಔಟ್‌ಪುಟ್ ಬಂದ' ಪ್ರಾಜೆಕ್ಟುಗಳನ್ನು ಮಾತ್ರ. ನಾಗಭೂಷಣರು ಅವಳನ್ನು ಕರೆದು, ಅಕ್ಕರೆಯಿಂದಲೇ ಬುದ್ಧಿ ಹೇಳಿದರು. ನಾನೂ ಅಲ್ಲಿದ್ದೆ.

"ನೋಡಮ್ಮ, ಕ್ಲೀನಾಗಿರೋ ಆಂಟೆನಾದ ಗ್ರಾಫ್ ಸಿಮ್ಯುಲೇಷನ್‌ಗೆ ಕರೆಕ್ಟಾಗಿ ಕೂತಿದೆ. ಅದೊಂದನ್ನೇ ತೋರ್ಸು. ಈ ಅರಿಶಿನ ಕುಂಕುಮದ ಕತೆ ಯಾಕೆ? ಕಮಿಟಿಯವ್ರು ನಗ್ತಾರೆ. ಪೂಜೆ ಮಾಡಿದ್ದಕ್ಕೆ ಕೆಟ್ಟೋಯ್ತು ಅಂತ ನಾಳೆ ಯಾರಾದ್ರೂ ಅಂದ್ರೆ?"

"ಕೆಟ್ಟಿಲ್ಲ ಸಾರ್. ಇನ್ನೊಂದು ಕೆಲ್ಸ ಕಲ್ತಿದೆ."

"ಸುಳ್ಳು ಹೇಳು ಅಂತ ಹೇಳ್ತಿಲ್ವಲ್ಲಮ್ಮ. ಅದ್ರಲ್ಲಿ ಅರ್ಧ ಬಿಟ್ಬಿಡು ಅಷ್ಟೆ."

"ಆ ಅರ್ಧಾನೇ ಸಾರ್ ನಾವ್ ಮಾಡಿದ್ದು. ಇನ್ನರ್ಧ ಸಾಫ್ಟ್‌ವೇರ್ ಮಾಡಿದ್ದು."

ಮುಖ್ಯಸ್ಥರು ನನ್ನ ಕಡೆ ನೋಡಿದರು. "ಮೇಡಂ, ಇದು ನಿಮ್ಮ ಶನಿವಾರದ ಪ್ರಭಾವ," ಎಂದರು. ಇಷ್ಟು ವರ್ಷಗಳಲ್ಲಿ ಅವರು ನನಗೆ ಕೊಟ್ಟ ಅತ್ಯುತ್ತಮ ಪ್ರಶಂಸೆ ಅದು. ಅವರಿಗೆ ಅದು ಗೊತ್ತಿರಲಿಲ್ಲ.

ಪ್ರಾಜೆಕ್ಟಿನ ಮೌಲ್ಯಮಾಪನದ ದಿನ ಚೈತ್ರ ಎರಡೂ ಆಂಟೆನಾಗಳನ್ನು ಮೇಜಿನ ಮೇಲಿಟ್ಟಳು. ಮಾರ್ಗದರ್ಶಕರು ಬಾಯಿ ತೆರೆಯಬಾರದೆಂಬ ನಿಯಮವಿದ್ದುದರಿಂದ ನಾನು ಹಿಂದಿನ ಸಾಲಿನಲ್ಲಿ ತುಟಿ ಕಚ್ಚಿಕೊಂಡು ಕುಳಿತಿದ್ದೆ. ಪರೀಕ್ಷಕರಲ್ಲೊಬ್ಬರು ಓಡಾಡುವ ಗುಂಡಿಗಳ ಗ್ರಾಫನ್ನು ಬೆರಳಿನಿಂದ ತಟ್ಟಿ, "ಹಾಗಾದ್ರೆ ಫೈನಲ್ ಔಟ್‌ಪುಟ್ ಬಂತಾ, ಇಲ್ವಾ? ಅಷ್ಟು ಹೇಳಮ್ಮ," ಎಂದರು.

"ಏನು ಬಂತು ಅಂತ ಹೇಳ್ಲಾ ಸಾರ್?" ಎಂದಳು ಚೈತ್ರ.

"ಬಂತಾ, ಇಲ್ವಾ?"

ಅವಳ ಮೌಲ್ಯಮಾಪನ ಪತ್ರದಲ್ಲಿ ಬರೆದ ಸಾಲು ಇದು: 'ನಿರೀಕ್ಷಿತ ಔಟ್‌ಪುಟ್ ಬಂದಿಲ್ಲ.' ಆ ವರ್ಷದ ಶಿಫಾರಸು, ಸಿಮ್ಯುಲೇಷನ್ನನ್ನು ಬಿಟ್ಟು ಏನನ್ನೂ ಮುಟ್ಟದ ಒಂದು ಪ್ರಾಜೆಕ್ಟಿಗೆ ಹೋಯಿತು. ಆ ಹುಡುಗನ ತಪ್ಪು ಇದರಲ್ಲಿ ಏನೂ ಇಲ್ಲ. ನಾವು ಕೇಳಿದ್ದನ್ನು ಅವನು ಕೊಟ್ಟ.

ಯಾರ ತಪ್ಪು ಎಂದು ಹೇಳದೆ ಮುಗಿಸಿದರೆ ಇಷ್ಟು ಬರೆದದ್ದು ವ್ಯರ್ಥ. ಅಳೆಯುವ ಮುಂಚೆಯೇ ಉತ್ತರ ಅಚ್ಚು ಹಾಕಿಸಿದ ವಿಭಾಗದ್ದು ತಪ್ಪು. ಕಾರಣ ಹುಡುಕಿದವಳಿಗಿಂತ ಕಾರಣವೇ ಬೇಡವೆಂದವರಿಗೆ ಹೆಚ್ಚು ಅಂಕ ಕೊಟ್ಟ ಪರೀಕ್ಷಕರದ್ದು ತಪ್ಪು. ನಗುತ್ತಾರೆಂಬ ಅಂಜಿಕೆಯನ್ನು ಒಂದು ಹೆಣ್ಣುಮಗುವಿನ ಭವಿಷ್ಯದ ಮುಂದಿಟ್ಟು ತೂಗಿದ ಮುಖ್ಯಸ್ಥರದ್ದು ತಪ್ಪು. ಸಭೆಯಲ್ಲಿ ಡಬ್ಬಿ ಬಿಚ್ಚಿದ ಸಹೋದ್ಯೋಗಿಗಳೇ, ನಿಮ್ಮ ಪುಳಿಯೋಗರೆ ಚೆನ್ನಾಗಿರುತ್ತಿತ್ತು. ಆದರೂ ನಿಮ್ಮದೂ ತಪ್ಪು.

ಚೈತ್ರ ಈಗ ಬಿ.ಟಿ.ಎಂ. ಲೇಔಟಿನ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ. ಕಾಲೇಜುಗಳ, ಕಾರ್ಖಾನೆಗಳ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ನಮ್ಮ ವಿಭಾಗದ ಉಪಕರಣಗಳೂ ಅಲ್ಲಿಗೇ ಹೋಗುತ್ತವೆ. ಅಂದರೆ, ನಾಗಭೂಷಣರ ಪ್ರಯೋಗಾಲಯದ ಗೋಡೆಯ ಮೇಲೆ ಗಾಜು ಹಾಕಿಸಿ ತೂಗುಹಾಕಿರುವ ಪ್ರಮಾಣಪತ್ರಗಳಿಗೆ ಸಹಿ ಮಾಡುವವಳು, ಔಟ್‌ಪುಟ್ ಬಂದಿಲ್ಲ ಎಂದು ಅವರು ಕಳಿಸಿಕೊಟ್ಟ ಹುಡುಗಿಯೇ.

ಕಳೆದ ತಿಂಗಳು ಜಯನಗರದ ನನ್ನ ಮನೆಗೆ ಬಂದಿದ್ದಳು. ಸಂಶೋಧನಾ ಪದವಿಗೆ ಈ ವರ್ಷವೂ ಅರ್ಜಿ ಹಾಕುತ್ತಿದ್ದಾಳೆ. ಹಿಂದೆ ಸಂದರ್ಶನಕ್ಕೆ ಹೋದಲ್ಲೆಲ್ಲ ಪ್ರಾಜೆಕ್ಟಿನ ಮೌಲ್ಯಮಾಪನ ಪತ್ರ ಕೇಳಿದ್ದಾರೆ, ಅದನ್ನು ಓದಿ ಹಿಂದಕ್ಕೆ ಕೊಟ್ಟಿದ್ದಾರೆ.

"ಆಯುಧಪೂಜೆ ಆದ್ಮೇಲೆ ಬರೋ ಎಲ್ಲಾ ಮೆಷಿನ್ ಮೇಲೂ ಬೊಟ್ಟು ಇರುತ್ತೆ ಮೇಡಂ," ಎಂದು ನಕ್ಕಳು. "ಹುಡುಗ್ರು ಒರೆಸಕ್ಕೆ ಹೋಗ್ತಾರೆ. ತಡೀರಪ್ಪ, ಮೊದ್ಲು ಅಳೀರಿ, ಆಮೇಲೆ ಒರೆಸಿ ಅಂತೀನಿ."

"ಅರ್ಜಿ ಕತೆ ಏನು?" ಎಂದೆ.

ಅವಳ ನಗು ನಿಂತಿತು. "ಆ ಒಂದು ಲೈನ್ ಇರೋತನಕ ಏನ್ ಆಗುತ್ತೆ ಮೇಡಂ?"

ಆದ್ದರಿಂದ, ನಿವೃತ್ತಿಯ ವಯಸ್ಸು ದಾಟಿದರೂ ಆಡಳಿತ ಮಂಡಳಿ ಉಳಿಸಿಕೊಂಡದ್ದರಿಂದ ಈಗ ಪ್ರಾಂಶುಪಾಲರಾಗಿರುವ ನಾಗಭೂಷಣ ಅವರಿಗೂ ಕಾಲೇಜಿನ ಶೈಕ್ಷಣಿಕ ಮಂಡಳಿಯ ಎಲ್ಲ ಸದಸ್ಯರಿಗೂ ನನ್ನ ಒತ್ತಾಯ ಇದು. ಮುಂದಿನ ಸೆಮಿಸ್ಟರಿನ ಕೈಪಿಡಿ ಅಚ್ಚಿಗೆ ಹೋಗುವ ಮುಂಚೆ ನೇಚರ್ ಆಫ್ ಗ್ರಾಫ್ ಇರುವ ಪ್ರತಿಯೊಂದು ಪುಟವನ್ನೂ ತೆಗೆದು, ಆ ಜಾಗದಲ್ಲಿ ಗೆರೆ ಎಳೆದ ಖಾಲಿ ಹಾಳೆಯನ್ನು ಇಡಿ. ಪರೀಕ್ಷಕರ ಅಂಕಪಟ್ಟಿಯಲ್ಲಿ 'ಔಟ್‌ಪುಟ್ ಬಂತೇ' ಎಂಬಲ್ಲಿ 'ಏನು ಬಂತು, ಏಕೆ ಬಂತು' ಎಂದು ತಿದ್ದಿ. ಸಂಶೋಧನಾ ಪದವಿಯ ಅರ್ಜಿಗಳಿಗೆ ಕೊನೆಯ ದಿನ ಮುಗಿಯುವುದರೊಳಗೆ ಮಂಡಳಿಯ ಸಭೆ ಕರೆದು, ಚೈತ್ರ ಮತ್ತು ನವೀನ್ ಅವರ ಪ್ರಾಜೆಕ್ಟನ್ನು ಮರುಮೌಲ್ಯಮಾಪನ ಮಾಡಿಸಿ. ಪೂಜೆಯನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ ಸರ್. ಈ ಸಲವೂ ಧಾರಾಳವಾಗಿ ಹಚ್ಚಿ. ಕುಂಕುಮವನ್ನು ಒರೆಸಬೇಡಿ. ಆ ಒಂದು ಸಾಲನ್ನು ಒರೆಸಿ.